ಒಂದು ದಿನದ ಮಟ್ಟಿಗಿನ ಡಿಸ್ಕ್ ಬ್ರೇಕ್

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ಸರಿಯಾಗಿ ನಿಲ್ಲುವ ಕಾರನ್ನು ನೀವು ಫೇಲ್ ಮಾಡಿದಿರಿ. ನನ್ನ ದೂರು ಅದಲ್ಲ. ಫೇಲಾಗುವುದು ನನಗೆ ಹೊಸದೇನಲ್ಲ. ಇಲ್ಲೇ ದುಬೈಯ ಊದ್ ಮೇಥಾದ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೂ ಅದನ್ನೇ ಮಾಡಿ, ಆಮೇಲೆ ಹೋಗುವುದನ್ನೇ ಬಿಟ್ಟವನು ನಾನು. ನನ್ನ ದೂರು ಇಷ್ಟೇ: ಕಾರು ಸರಿಯಾಗಿದೆ ಎಂದು ಬಾಯಾರೆ ಒಪ್ಪಿಕೊಂಡ ಮೇಲೆ, ಸರಿಯಿಲ್ಲದ ಬ್ರೇಕನ್ನು ಒಂದು ದಿನದ ಮಟ್ಟಿಗೆ ಹಾಕಿಕೊಂಡು ಬಾ, ಪಾಸು ಮಾಡುತ್ತೇನೆ ಎಂದಿರಿ. ಅದನ್ನು ಕನ್ನಡದಲ್ಲೇ ಹೇಳಿದಿರಿ. ಆದ್ದರಿಂದ ಉತ್ತರವನ್ನೂ ಕನ್ನಡದಲ್ಲೇ, ನಮ್ಮ ಕನ್ನಡ ಸಂಘದ ಈ ಮಾಸಿಕದಲ್ಲಿ ಬರೆಯುತ್ತಿದ್ದೇನೆ. ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮನ್ನು ಮೊದಲ ಸಾಲಿನಲ್ಲಿ ನೋಡಿದ್ದೇನೆ. ಓದುತ್ತೀರಿ ಎಂದುಕೊಂಡಿದ್ದೇನೆ.

ನಿಮಗೆ ಗೊತ್ತಿರುವುದನ್ನು ಉಳಿದ ಓದುಗರಿಗಾಗಿ ಹೇಳಬೇಕು. ಆ ಕಾರು ಯಾವ ಕಂಪನಿಯ ಬಾಗಿಲಿನಿಂದಲೂ ಇಳಿದು ಬಂದದ್ದಲ್ಲ. ಯಾರೋ ಗಿರಾಕಿ ಇಂಗ್ಲೆಂಡಿನಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಬೇಸತ್ತು, ನಾನು ಕೆಲಸ ಕಲಿಯುವ ಆನ್ಸೆಲ್ಮ್ ಅಂಕಲ್ ಅವರ ಗ್ಯಾರೇಜಿನಲ್ಲಿ ಬಿಟ್ಟು ಹೋಗಿದ್ದರು. ಅದರಲ್ಲಿದ್ದ ಚೌಕಟ್ಟಿಗೆ ಶಾರ್ಜಾದ ಗುಜರಿಯಿಂದ ತಂದ ಎಂಜಿನ್, ಆಕ್ಸಲ್ ಕೂಡಿಸಿ ನಾನು ಕಟ್ಟಿದ್ದು. ಇಬ್ಬರು ಕೂರಬಹುದು. ಮೇಲೆ ಛಾವಣಿ ಇಲ್ಲ. ತೂಕ ಮಾಮೂಲಿ ಕಾರಿನ ಅರ್ಧ. ಅದು ಪಾಸಾದರೆ ನನಗೆ ಗ್ಯಾರೇಜಿನ ವೀಸಾ ಕೊಡಿಸುವುದಾಗಿ ಅಂಕಲ್ ಮಾತು ಕೊಟ್ಟಿದ್ದರು. ಹದಿನೆಂಟು ದಾಟಿದ, ಓದುತ್ತಿಲ್ಲದ ಮಗನನ್ನು ಅಪ್ಪ ತನ್ನ ವೀಸಾದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಾನು ಹುಟ್ಟಿದ್ದು ಇಲ್ಲಿ. ಪಾಸಾಗದಿದ್ದರೆ ಹೋಗಬೇಕಾದದ್ದು ಊರಿಗೆ, ಅಂದರೆ ಶಾಲೆಯ ರಜೆಯಲ್ಲಿ ಮಾತ್ರ ನೋಡಿದ ಊರಿಗೆ.

ಈಗ ಹಿಂದಿನ ಚಕ್ರಗಳ ಬ್ರೇಕಿನ ವಿಷಯ. ಗುಜರಿಯಲ್ಲಿ ನನಗೆ ಎರಡು ಬಗೆ ಸಿಕ್ಕಿದವು. ಒಂದು, ಭಾರೀ ಕಾರೊಂದರ ಡಿಸ್ಕ್ ಬ್ರೇಕುಗಳ ಜೋಡಿ. ಚಕ್ರದ ಕಡ್ಡಿಗಳ ನಡುವೆ ಹೊಳೆಯುತ್ತದೆ, ನೋಡಿದವರು ಹತ್ತಿರ ಬರುತ್ತಾರೆ. ಇನ್ನೊಂದು, ಹಳೆಯ ಸಣ್ಣ ಕಾರಿನ ಡ್ರಮ್ ಬ್ರೇಕು. ಅದು ಕಾಣುವುದೇ ಇಲ್ಲ, ಕಂಡರೂ ಅಡುಗೆಮನೆಯ ಮಸಿ ಹಿಡಿದ ಬಾಣಲೆಯ ಹಾಗಿರುತ್ತದೆ. ನಾನು ಮೊದಲು ಹಾಕಿದ್ದು ಡಿಸ್ಕನ್ನೇ. ಗ್ಯಾರೇಜಿನ ಹಿಂದಿನ ಮರಳಂಗಳದಲ್ಲಿ ಓಡಿಸಿ ಜೋರಾಗಿ ಬ್ರೇಕ್ ಒತ್ತಿದೆ. ಕಾರು ಗಿರಗಿರ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಚಹಾ ಲೋಟ ಹಿಡಿದು ನಿಂತಿದ್ದ ಅಂಕಲ್ ಲೋಟ ಬಿಟ್ಟು ಎಣ್ಣೆ ಪೀಪಾಯಿಗಳ ರಾಶಿಯ ಮೇಲೆ ಹತ್ತಿಬಿಟ್ಟಿದ್ದರು.

“ಖಲಾಸ್! ನನ್ನನ್ನು ಕೊಂದು ವೀಸಾ ಯಾರ ಹತ್ರ ಕೇಳ್ತಿ ಮಾರಾಯ?” ಎಂದರು.

ಕಾರಣ ಸರಳ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಮೊದಲೇ ಹಗುರವಾದ ಕಾರು. ಅಂಥ ಚಕ್ರವನ್ನು ಬಲವಾಗಿ ಹಿಡಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ, ಬಾಲ ತಲೆಯನ್ನು ದಾಟಿ ಹೋಗಲು ನೋಡುತ್ತದೆ. ಅದಕ್ಕೇ ಡಿಸ್ಕ್ ಬಿಚ್ಚಿ ಡ್ರಮ್ ಹಾಕಿದೆ. ಆಮೇಲೆ ಎಷ್ಟು ಒತ್ತಿದರೂ ಗೆರೆ ಎಳೆದ ಹಾಗೆ ನಿಂತಿತು.

ನಿಮ್ಮ ಕೇಂದ್ರದಲ್ಲಿ ಓಡಿಸಿ ನೋಡಿದವರು ನೀವೇ. ಇಳಿದು, ಕೈ ಒರೆಸಿಕೊಂಡು, “ಚೆನ್ನಾಗ್ ನಿಲ್ಲತ್ತೆ ಕಣಯ್ಯಾ” ಎಂದಿರಿ. ನನಗೆ ಖುಷಿಯಾಗಿತ್ತು. ಆಮೇಲೆ ಬಗ್ಗಿ ಹಿಂದಿನ ಚಕ್ರ ನೋಡಿದಿರಿ.

“ಇದು ಸ್ಪೋರ್ಟ್ಸ್ ಕಾರ್ ಲೆಕ್ಕಕ್ಕೆ ಬರತ್ತೆ. ನಾಲ್ಕಕ್ಕೂ ಡಿಸ್ಕ್ ಇರ್ಬೇಕು.”

“ಸರ್, ಡಿಸ್ಕ್ ಹಾಕಿದ್ರೆ ಹಿಂದೆ ಲಾಕ್ ಆಗಿ ತಿರುಗ್ತದೆ. ನಾನು ನೋಡಿದ್ದೇನೆ.”

“ತಿರುಗತ್ತೆ, ನಂಗೊತ್ತಿಲ್ವೇನಪ್ಪಾ? ಒಂದು ದಿನದ ಮಟ್ಟಿಗೆ ಹಾಕ್ಕೊಂಡ್ ಬಾ. ಪಾಸಾದ್ಮೇಲೆ ಮನೇಲಿ ಬಿಚ್ಕೋ. ನಾನೇನು ನಿನ್ ಹಿಂದೆ ಬಂದು ನೋಡ್ತೀನಾ?”

“ಬರುವಾಗ ದಾರಿಯಲ್ಲೇ ತಿರುಗಿದ್ರೆ?”

“ನಿಧಾನಕ್ ಬಾ.”

ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ. ನಮ್ಮೂರ ಕಡೆಯ ಹುಡುಗ, ಒಂದು ಉಪಾಯ ಹೇಳಿಕೊಡೋಣ ಎಂದು. ಆದರೆ ಕೇಳುತ್ತೇನೆ: ಸುರಕ್ಷತೆಯ ಷರತ್ತನ್ನು ಪಾಲಿಸಲು ನಿಧಾನಕ್ಕೆ ಬರಬೇಕಾದರೆ, ಆ ಷರತ್ತು ಯಾರ ಸುರಕ್ಷತೆಗೆ?

ಈ ಊರಿನಲ್ಲಿ ಪಾಸಿಂಗಿನ ಪದ್ಧತಿ ನನಗೆ ತಿಳಿಯದ್ದಲ್ಲ. ಮುನ್ನಾದಿನ ಒಳ್ಳೆಯ ಟಯರು ಬಾಡಿಗೆಗೆ ತಂದು ಹಾಕುವುದು, ಮುದ್ರೆ ಬಿದ್ದ ಮೇಲೆ ಮತ್ತೆ ಬೋಳು ಟಯರು. ನಮ್ಮ ಗ್ಯಾರೇಜಿನ ಗೋಡೆಯಲ್ಲೂ ಅಂಥ ಜೋಡಿಗಳು ತೂಗುತ್ತಿವೆ. ನನಗಿಂತ ಹೆಚ್ಚು ಪರೀಕ್ಷೆ ಪಾಸು ಮಾಡಿದ ಟಯರುಗಳು ಅವು. ಅಲ್ಲಿ ಕೆಟ್ಟದ್ದನ್ನು ಮರೆಸಲು ಒಳ್ಳೆಯದನ್ನು ಬಾಡಿಗೆಗೆ ತರುತ್ತಾರೆ. ಒಳ್ಳೆಯದನ್ನು ಮರೆಸಲು ಕೆಟ್ಟದ್ದನ್ನು ತಾ ಎಂದವರು ನೀವೊಬ್ಬರೇ. ಅದು ಪಾಸೂ ಆಗುತ್ತದೆ. ನಿಮ್ಮ ಬ್ರೇಕ್ ಪರೀಕ್ಷೆಯ ರೋಲರಿನ ಮೇಲೆ ನಿಂತಲ್ಲೇ ಚಕ್ರ ತಿರುಗಿಸುವಾಗ ಭಾರ ಮುಂದಕ್ಕೆ ವಾಲುವುದಿಲ್ಲವಲ್ಲ.

ಕರಾಮದ ನಮ್ಮ ಮನೆಯಲ್ಲಿ ಈ ಮಾತು ಹೇಳಿದ ದಿನ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ನನ್ನ ಅಪ್ಪ ನಾರ್ಬರ್ಟ್ ಊಟ ನಿಲ್ಲಿಸಿದರು.

“ಒಂದು ದಿನ ಹಾಕಿದ್ರೆ ನಿನ್ನ ಗಂಟೆಂತ ಹೋಗ್ತದೆ?”

“ನಾನು ಹಾಕುವುದಿಲ್ಲ.”

“ಕೇಳಿದ್ಯಾ ಅನ್ನಾ?” ಎಂದು ಅಪ್ಪ ಅಮ್ಮನ ಕಡೆ ತಿರುಗಿದರು. “ಇಗರ್ಜಿಯಲ್ಲಿ ಇವನದೊಂದು ಮೂರ್ತಿ ಇಡ್ಲಿಕ್ಕೆ ಹೇಳುವ. ಬ್ರೇಕಿನ ಸಂತ!”

ಅಮ್ಮ ನಗಲಿಲ್ಲ. “ಸಂತರಿಗೂ ವೀಸಾ ಬೇಕಾಗ್ತದೆ ಮಗಾ” ಎಂದರು. ಅಪ್ಪ ನನ್ನ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿದರು.

ನಾನು ಹಾಕಲಿಲ್ಲ. ನನ್ನ ವೀಸಾ ಮುಗಿಯುತ್ತಿದೆ. ಟಿಕೆಟ್ ಬಂದಿದೆ. ಕೋಪ ಬರಬೇಕಿತ್ತು, ಬಂದಿಲ್ಲ. ಅಳುವೂ ಇಲ್ಲ. ಏಸಿ ಹಾಕಿದ ಕೋಣೆಯಲ್ಲಿ ತುಂಬ ಹೊತ್ತು ಕೂತರೆ ಬೆರಳುಗಳು ನಮ್ಮವಲ್ಲ ಎನಿಸುತ್ತದಲ್ಲ, ಹಾಗಿದೆ. ಪೆಟ್ಟಿಗೆಗೆ ಏನು ತುಂಬಬೇಕೆಂದು ಅಮ್ಮ ಕೇಳುತ್ತಾರೆ. ಏನಾದರೂ ತುಂಬಿ ಎನ್ನುತ್ತೇನೆ.

ಆದರೆ ಕಾರು ಇಲ್ಲೇ ಉಳಿಯುತ್ತದೆ. ಕಳೆದ ವಾರ ಅಂಕಲ್ ಬೇರೊಬ್ಬ ಮೆಕ್ಯಾನಿಕ್ ಕೈಯಲ್ಲಿ ನನ್ನ ಡ್ರಮ್ ಬಿಚ್ಚಿಸಿ ಆ ಡಿಸ್ಕನ್ನೇ ಹಾಕಿಸಿದರು. ಪಾಸಾದ ಮೇಲೆ ಮತ್ತೆ ಬದಲಿಸುತ್ತೀರಲ್ಲ ಎಂದು ಕೇಳಿದೆ.

“ಪಾಸಾದದ್ದನ್ನು ಮುಟ್ಟೂದು ಯಾಕೆ?” ಎಂದರು. “ನೋಡ್ಲಿಕ್ಕೂ ಚಂದ ಉಂಟು. ಮಾರ್ಸೆಲ್‌ಗೆ ಇಷ್ಟ.”

“ಅವತ್ತು ತಿರುಗಿದ್ದು ನೀವೇ ನೋಡಿದ್ದೀರಿ.”

“ಅದು ಮರಳಿನಲ್ಲಿ ಮಾರಾಯ. ಇದು ಡಾಂಬರು.”

ಮಾರ್ಸೆಲ್ ಅವರ ಮಗ. ಲೈಸೆನ್ಸ್ ಈಗಷ್ಟೇ ಸಿಕ್ಕಿದೆ. ಕಾರು ಅವನಿಗೇ ಅಂತೆ. ಈಗಲೇ ಹೋಗಿ ಅದರಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಬಾಯಲ್ಲೇ ಗೇರ್ ಬದಲಿಸುತ್ತಿರುತ್ತಾನೆ. ಪಾಸಾದ ಶುಕ್ರವಾರವೇ ಅಬುಧಾಬಿ ರಸ್ತೆಗೆ ಇಳಿಸುತ್ತಾನಂತೆ. ಅವನಿಗೂ ಹೇಳಿದೆ. “ಯು ಆರ್ ಜಸ್ಟ್ ಜೆಲಸ್, ಬ್ರೋ” ಎಂದ. ಹೊಟ್ಟೆಕಿಚ್ಚು ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಹಿಂದಿನ ಚಕ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ನನ್ನ ಬೇಡಿಕೆ ವೀಸಾ ಅಲ್ಲ, ಕ್ಷಮೆಯೂ ಅಲ್ಲ. ಮುಂದಿನ ತಿಂಗಳು ಆ ಕಾರು ನಿಮ್ಮ ಅಂಗಳಕ್ಕೆ ಬರುತ್ತದೆ. ನಾಲ್ಕು ಚಕ್ರಕ್ಕೂ ಡಿಸ್ಕ್ ಇರುತ್ತದೆ, ನೀವು ಹೇಳಿದ ಹಾಗೆಯೇ. ರೋಲರಿನ ಮೇಲೆ ಚೆನ್ನಾಗಿಯೇ ಹಿಡಿಯುತ್ತದೆ. ದಯವಿಟ್ಟು ಅದನ್ನು ಫೇಲ್ ಮಾಡಿ. ಕಾರಣ ಬೇಕಿದ್ದರೆ ರೋಲರಿನಿಂದ ಇಳಿಸಿ, ಖಾಲಿ ಜಾಗದಲ್ಲಿ ಸ್ವಲ್ಪ ಜೋರಾಗಿ ಓಡಿಸಿ, ಬ್ರೇಕ್ ಒತ್ತಿ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ.

ಇಂತಿ,
ತಾನು ಕಟ್ಟಿದ ಒಂದೇ ಒಂದು ಕಾರು ಪಾಸಾಗದಿರಲಿ ಎಂದು ಬೇಡುವ,
ಆಶ್ಲೆ
ಸದ್ಯಕ್ಕೆ ಕರಾಮ, ದುಬೈ