ಹೆಲ್ವಕ್ಕನ ಒರೆ, ನನ್ನ ಪಿಸ್ತೂಲು

ಸೋಮವಾರ, ಮಾರ್ಚ್ 4, 1974

ಕಾಫಿ ಆಯಿತು. ಪಿಸ್ತೂಲುಗಳಿಗೆ ಎಣ್ಣೆ ಸವರಿದ್ದೂ ಆಯಿತು. ಒರೆಗಳು ಬೇರೆ ಕಪಾಟಿನಲ್ಲೇ. ತೊಗಲಿನೊಳಗೆ ಬಿಟ್ಟರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಇಷ್ಟೂ ಗೊತ್ತಿಲ್ಲದವರು ಸಂಗ್ರಹ ಮಾಡುತ್ತಾರಂತೆ!

ಓದಿದ್ದು ಹಳ್ಳಿ ಶಾಲೆ. ಆದರೂ ಸೈನ್ಯದ ಹಳೇ ಪಿಸ್ತೂಲಿನ ಮಾತು ಬಂದರೆ ತಾಂಪೆರೆ ಪಟ್ಟಣದವರು ಫೋನ್ ಮಾಡುವುದು ಈ ತಾವೆತ್ತಿ ಮಾವನಿಗೇ. ನನ್ನವೆಲ್ಲ ಫ್ಯಾಕ್ಟರಿಯಿಂದ ಹೊರಬಿದ್ದ ಹಾಗೇ ಇವೆ. ಒಂದು ಸ್ಕ್ರೂ ಕೂಡ ಹೊರಗಿನದಲ್ಲ.

ಹೆಲ್ವಕ್ಕ ಬಂದಿದ್ದಳು. ಕೈಯಲ್ಲಿ ಅವಳ ತಮ್ಮ ಅರ್ಮಾಸನ ಪಿಸ್ತೂಲಿನ ಒರೆ. ಯುದ್ಧ ಮುಗಿಸಿ ಬರುವ ದಾರಿಯಲ್ಲೇ ಅವನು ಪಿಸ್ತೂಲು ಮಾರಿಬಿಟ್ಟಿದ್ದ. ಒರೆ ಮಾತ್ರ ಸಾಯುವ ತನಕ ಗೂಟದಲ್ಲಿ ನೇತಾಡುತ್ತಿತ್ತು. ಹೋದ ವರ್ಷ ಎಲೆ ಉದುರುವ ಹೊತ್ತಿಗೆ ತೀರಿಕೊಂಡ, ಪಾಪ.

“ಊರಲ್ಲಿ ಅವ್ನದ್ದರಂಥ ಲಾಹ್ತಿ ಪಿಸ್ತೂಲಿರೋದು ನಿನ್ ಹತ್ರ, ಕೌಕೋ ಹತ್ರ. ಯಾರದ್ದು ಸರಿಯಾಗಿ ಕೂರುತ್ತೋ ಅವ್ರಿಗೆ ಒರೆ. ಯಾರದ್ದೂ ಕೂರ್ಲಿಲ್ವಾ, ಶನಿವಾರ ಹಬೆಸ್ನಾನಕ್ಕೆ ಸೌನಾ ಹೊತ್ತಿಸ್ವಾಗ ಒಲೆಗೆ ಹಾಕ್ತೀನಿ. ಖಾಲಿ ಒರೆ ನೋಡ್ಕೊಂಡು ಕೂರೋಕೆ ನನ್ ಕೈಲಾಗಲ್ಲಪ್ಪ.”

ಒಲೆಗೆ! ಅಂಥಾ ತೊಗಲನ್ನು!

ಮಂಗಳವಾರ

ಸಂಗ್ರಹದಲ್ಲಿ ನನಗೆ ಪೈಪೋಟಿ ಕೊಡುವ ಗೆಳೆಯ ಕೌಕೋ ತನ್ನ ಲಾಹ್ತಿ ತಂದ. ಒರೆಗೆ ಇಳಿಸಿ ಅಲ್ಲಾಡಿಸಿದರೆ ಗಡಗಡ. ನನ್ನದನ್ನು ಇಳಿಸಿದೆ. ಅದೂ ಗಡಗಡ.

“ಡಬ್ಬೀಲಿ ಬಟಾಣಿ ಹಾಕ್ದಂಗಿದೆ ಕಣೋ ನಿಂದು,” ಎಂದ.

“ನಿಂದೇನು, ಒಣಬಾವಿಗೆ ಬಿದ್ದ ಬಿಂದಿಗೆ!”

ಅವನು ಹೋದ ಮೇಲೆ ಒರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತೊಗಲು ಸುಳ್ಳು ಹೇಳುವುದಿಲ್ಲ. ಹೊತ್ತ ಪಿಸ್ತೂಲಿನ ಮೈಯನ್ನೇ ತನ್ನ ಮೈ ಮಾಡಿಕೊಂಡಿರುತ್ತದೆ. ಇದರಲ್ಲಿ ಹಿಡಿ ಕೂರುವ ಜಾಗ ಎರಡೂ ಕಡೆ ಉಬ್ಬಿದೆ, ದವಡೆಗೆ ಸಕ್ಕರೆ ಉಂಡೆ ಸಿಕ್ಕಿಸಿಕೊಂಡವರ ಕೆನ್ನೆಯ ಹಾಗೆ. ಹಿಡಿಯ ಎರಡೂ ಬದಿಗೆ ಬಿಗಿಯುವ ಫ್ಯಾಕ್ಟರಿಯ ಕರೀ ಪಟ್ಟಿಗೆ ಅಷ್ಟು ದಪ್ಪ ಎಲ್ಲಿಂದ ಬರಬೇಕು? ಎಡಗಡೆ ಉಬ್ಬಿನ ಮೇಲೆ ಸಣ್ಣದೊಂದು ತಗ್ಗು ಬೇರೆ.

ಏನಿತ್ತಪ್ಪಾ ಇದರೊಳಗೆ?

ಗುರುವಾರ

ಪಿಸ್ತೂಲಿನ ಹಿಡಿಗೆ ಬಟ್ಟೆ ಸುತ್ತಿ ನೋಡಿದೆ. ಕಾಗದ ಮಡಚಿ ಇಟ್ಟು ನೋಡಿದೆ. ಊಹೂಂ.

ತಡೆಯಲಾಗದೆ ಹೆಲ್ವಕ್ಕನ ಮನೆಗೇ ಹೋಗಿ ಒರೆ ವಾಪಸ್ ಕೊಟ್ಟೆ. ಅರ್ಮಾಸ್ ಏನಾದರೂ ಹೇಳಿದ್ದನಾ ಅಂತ ಕೇಳಿದೆ.

“ಯುದ್ಧದ ಮಾತೇ ಆಡ್ತಿರ್ಲಿಲ್ಲ. ಚಳೀಲಿ ಆ ಕರೀ ಹಿಡಿ ಕೈ ಕಚ್ಚುತ್ತೆ ಅಂತ ಒಂದ್ಸಲ ಬೈದಿದ್ದ, ಅಷ್ಟೇ.”

ರೈ ಹಿಟ್ಟಿನ ರೊಟ್ಟಿಗೆ ಬೆಣ್ಣೆ ಸವರಿಕೊಟ್ಟಳು. ಬೆಣ್ಣೆ ಚಾಕುವಿನ ಹಿಡಿ ಬರ್ಚ್ ಮರದ್ದು, ಸುರುಳಿ ಸುರುಳಿ ನಾರಿನದು. ಹೆಬ್ಬೆರಳಿಗೆ ಅಂತ ಒಂದು ಗುಳಿ.

“ಅವ್ನೇ ಕೆತ್ತಿದ್ದು. ಏನು ಮಾಡಿದ್ರೂ ಒಂದು ಗುಳಿ ಇರ್ಲೇಬೇಕು ಅವ್ನಿಗೆ.”

ದಾರಿಯುದ್ದಕ್ಕೂ ಹೆಬ್ಬೆರಳು ತುರಿಸುತ್ತಿತ್ತು. ಈ ಗುಳಿಯನ್ನು ಎಲ್ಲೋ ಮುಟ್ಟಿದ್ದೇನೆ... ಎಲ್ಲಿ?

ಶನಿವಾರ, ಮಧ್ಯಾಹ್ನ

ಸಿಕ್ಕಿತು!!

ಒಲೆ ಹೊತ್ತಿಸಲು ಸೌನಾಕ್ಕೆ ಹೋದೆ. ಬಾಗಿಲಿನ ಮರದ ಹಿಡಿ ಹಿಡಿದು ಎಳೆದೆ. ಹೆಬ್ಬೆರಳು ಗುಳಿಯೊಳಗೆ ಹೋಗಿ ಕೂತಿತು. ಅಲ್ಲೇ ನಿಂತುಬಿಟ್ಟೆ.

ನನ್ನ ಲಾಹ್ತಿ ಕೈಗೆ ಬಂದಾಗ ಅದಕ್ಕೆ ಮರದ ಪಟ್ಟಿಗಳಿದ್ದವು. ಯಾವನೋ ಗಮಾರ ಕೆತ್ತಿದ್ದು ಅಂತ ಕಿತ್ತು, ಊರೂರು ಅಲೆದು ಅಸಲಿ ಕರೀ ಪಟ್ಟಿ ಹುಡುಕಿ ಹಾಕಿದ್ದೆ. ಸೌನಾ ಬಾಗಿಲಿಗೆ ಕಬ್ಬಿಣದ ಹಿಡಿ ಹಾಕಿದರೆ ಕೈ ಸುಡುತ್ತದಲ್ಲ, ಮರದ್ದನ್ನು ಅಲ್ಲಿಗೆ ಬಿಗಿದೆ. ಅರ್ಮಾಸ್ ಮಾರಿದ ಪಿಸ್ತೂಲೇ ನನ್ನದು, ಇಷ್ಟು ವರ್ಷ ಎಳೆದದ್ದು ಅವನು ಕೆತ್ತಿದ ಹಿಡಿಯನ್ನು!

ಆದರೆ ಇದು ಜೋಡಿಯಲ್ಲಿ ಒಂದು ಪಟ್ಟಿ. ಇನ್ನೊಂದು... ಅಯ್ಯೋ. ಕೌಕೋ ಸೌನಾ ಕಟ್ಟಿದಾಗ ಅವನ ಬಾಗಿಲಿಗೆ ಅಂತ ನಾನೇ ಉಡುಗೊರೆ ಕೊಟ್ಟಿದ್ದೆ.

ಅವನ ಮುಂದೆ ಹೋಗಿ ನಿಲ್ಲಬೇಕೀಗ.

ಶನಿವಾರ, ಸಂಜೆ

ಕೌಕೋ ಪೂರ್ತಿ ಕೇಳಿಸಿಕೊಂಡ. ಆಮೇಲೆ ಶುರು.

“ಒಂದು ಸ್ಕ್ರೂ ಕೂಡ ಹೊರಗಿನದಲ್ಲ ಅಂತ ಊರ ತುಂಬ ಸಾರಿದ್ದು ಯಾರಪ್ಪಾ?”

“ನಾನೇ.”

“ಅಸಲಿ ಬಿಸಾಕಿ ಅಸಲಿ ತಂದೋನು?”

“ನಾನೇ ಮಾರಾಯ.”

ಕೊಡುವುದಿಲ್ಲ ಅಂದಿದ್ದರೆ ಒರೆ ಬೂದಿಯಾಗುತ್ತಿತ್ತು. ಅವನು ಸ್ಕ್ರೂಡ್ರೈವರ್ ತಂದು ತಾನೇ ಹಿಡಿ ಬಿಚ್ಚಿದ. “ನಡಿ ನಡಿ, ಹೆಲ್ವಕ್ಕ ಒಲೆ ಹೊತ್ತಿಸ್ಬಿಡ್ತಾಳೆ. ನಗೋದು ಆಮೇಲೂ ಇದೆ.”

ಅವಳು ಒಲೆ ಮುಂದೆಯೇ ಕೂತಿದ್ದಳು, ಒರೆ ತೊಡೆಯ ಮೇಲೆ. ಪಿಸ್ತೂಲಿಗೆ ಮರದ ಪಟ್ಟಿಗಳನ್ನು ಬಿಗಿದು ಇಳಿಸಿದೆ. ಅಲ್ಲಾಡಿಸಿದೆ. ಸದ್ದಿಲ್ಲ. ಕೌಕೋ ಅಲ್ಲಾಡಿಸಿದ. ಸದ್ದಿಲ್ಲ. ಒರೆಯ ತಗ್ಗು ಹಿಡಿಯ ಗುಳಿಯ ಮೇಲೇ ಕೂತಿದೆ.

ಹೆಲ್ವಕ್ಕ ಪಿಸ್ತೂಲು ಹೊರತೆಗೆದು ಗುಳಿಯಲ್ಲಿ ಹೆಬ್ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

“ಬೆಚ್ಚಗಿದೆ ಕಣೋ,” ಎಂದಳು. “ಒರೆ ನಿಂದೇ ಇಟ್ಕೋ. ಆದ್ರೆ ಮನೆಗೆ ಹೋಗಿ ಮತ್ತೆ ಆ ಕರೀದೇ ಹಾಕ್ತೀಯಾ?”

ಬರುವ ತಿಂಗಳು ತಾಂಪೆರೆಯಲ್ಲಿ ಹಳೇ ಪಿಸ್ತೂಲುಗಳ ಪ್ರದರ್ಶನ. ಮನೆಯಲ್ಲಿ ಕೆತ್ತಿದ ಹಿಡಿ ಕಂಡರೆ ಮೊದಲ ಸುತ್ತಿನಲ್ಲೇ ಆಚೆಗಿಡುತ್ತಾರೆ. ಬಹುಮಾನ ನೆಟ್ಟಗೆ ಕೌಕೋಗೆ. ಕೌಕೋ ಛಾವಣಿ ನೋಡುತ್ತಿದ್ದ. ನಾನು ಬಾಯಿ ತೆರೆದೆ...

ಶನಿವಾರ, ಮಾರ್ಚ್ 16

ಬಟ್ಟೆ ಬಿಚ್ಚುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಲೆ ಚೆನ್ನಾಗಿ ಹೊತ್ತಿದೆ. ಕೌಕೋ ಆಗಲೇ ಒಳಗೆ, ಒಲೆಯ ಕಾದ ಕಲ್ಲಿಗೆ ನೀರು ಹೊಯ್ಯುತ್ತಿದ್ದಾನೆ.

ಸೌನಾ ಬಾಗಿಲಿಗೆ ಹೊಸ ಹಿಡಿ. ಪಿಸ್ತೂಲಿನಿಂದ ಬಿಚ್ಚಿದ ಕರೀ ಪಟ್ಟಿ, ನುಣ್ಣಗೆ, ಅಸಲಿ ಫ್ಯಾಕ್ಟರಿ ಮಾಲು! ಅದರ ಜೊತೆಯದನ್ನು ಕೌಕೋನ ಬಾಗಿಲಿಗೆ ನಾನೇ ಬಿಗಿದು ಬಂದೆ. ಇಂಥ ಬಾಗಿಲು ಇಡೀ ದೇಶದಲ್ಲಿ ಎರಡೇ. ಹಬೆಗೆ ತಡೆಯುತ್ತದೋ ಬಿರಿಯುತ್ತದೋ, ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ನಾನೇ ಮೊದಲಿಗ. ಕೌಕೋ ಒಳಗಿಂದ ಏನೋ ಕೂಗುತ್ತಿದ್ದಾನೆ, ಬಾಗಿಲ ಹತ್ತಿರ... “ಲೇ ತಾವೆತ್ತಿ, ನಿನ್ ಹಿಡಿ ಬಿರೀತು—”