ಹೂಕುಳಿ ಹಾದ ಕಾಲು

ಪಾಂಡಿಚೇರಿ
19-8-2006

ಪ್ರೀತಿಯ ತಂಗಿ ಪೂಂಗಾವನಂಗೆ ಅಕ್ಕ ಅಂಜಲೈಯ ಆಶೀರ್ವಾದಗಳು.

ನೀನು, ನಿನ್ನ ಯಜಮಾನರು, ಮಕ್ಕಳು ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಪೋರ್ಟ್ ಬ್ಲೇರಿನಿಂದ ನೀನು ಬರೆದ ಎರಡು ಕಾಗದಗಳೂ ಬಂದಿವೆ. ಎರಡರಲ್ಲೂ ಒಂದೇ ಪ್ರಶ್ನೆ: ಈ ವರ್ಷ ಭಾವ ಹೂಕುಳಿ ಹಾದರಾ, ಊರವರು ಏನಂದರು? ಉತ್ತರ ಬರೆಯದೆ ನಿನ್ನನ್ನು ಕಾಯಿಸಿದ್ದು ತಪ್ಪೇ. ಸಮುದ್ರದಾಚೆ ಇರುವವಳಿಗೆ ಅರ್ಧ ಸುದ್ದಿ ಕಳಿಸಬಾರದೆಂದು ತಡೆದೆ. ಆಸ್ಪತ್ರೆಯ ಫೋನಿನ ಮುಂದೆ ಸಾಲು ನಿಂತು ಇಂಥದ್ದನ್ನು ಕೂಗಿ ಹೇಳುವುದು ನನ್ನಿಂದಾಗದು. ಮನಸ್ಸು ಗಟ್ಟಿ ಮಾಡಿಕೊಂಡು ಓದು. ನಿನ್ನ ಭಾವನ ಬಲಗಾಲನ್ನು ನಾಳೆ ಮೊಣಕಾಲಿನ ಕೆಳಗೆ ತೆಗೆಯುತ್ತಾರೆ.

ಈ ವರ್ಷವೂ ಕರಗ ಹೊತ್ತ ಪೂಜಾರಿಯ ಹಿಂದೆ ಕುಳಿಗೆ ಮೊದಲ ಹೆಜ್ಜೆ ಇಡುವ ಹಕ್ಕು ನಮ್ಮ ಮನೆಯದೇ. ದ್ರೌಪತಿಯಮ್ಮನ ಕೆಂಡಕ್ಕೆ ಕೆಂಡ ಎನ್ನಬಾರದು, ಹೂವು ಎನ್ನಬೇಕು ಎಂಬ ನಮ್ಮೂರ ನೇಮ ನಿನಗೆ ಮರೆತಿರಲಾರದು. ನಿನ್ನ ಭಾವ ಗದ್ದೆಯ ಬದುವಿನ ಮೇಲೆ ಹೋಗುವವರಂತೆ ನಿಧಾನವಾಗಿ ಹಾದರು. ಆಚೆ ಕಾಲು ತಣಿಸುವ ಹಾಲುಕುಳಿಯಲ್ಲಿ ಕಾಲಿಟ್ಟು ನಿಂತಾಗ ಅವರ ದಾಯಾದಿಯ ಹೆಂಡತಿ ಪಚ್ಚೈಯಮ್ಮ ಬಂದು, "ಏನ್ ಭಾವ, ಹೇಗಿತ್ತು?" ಎಂದು ಕೇಳಿದಳು.

"ಹೂವು ಕಣಮ್ಮ, ಬರೀ ಹೂವು," ಎಂದರು.

ಅವಳ ಗಂಡ ಅದೇ ಕುಳಿಯಲ್ಲಿ ಕುಪ್ಪಳಿಸಿಕೊಂಡು ಬಂದಿದ್ದ. ನಾನು ಎಲ್ಲರಿಗೂ ಕೇಳುವ ಹಾಗೆ, "ವ್ರತ ನೆಟ್ಟಗಿದ್ರೆ ಹೂವು, ಇಲ್ದಿದ್ರೆ ಬೆಂಕಿ ಕಣೇ ಪಚ್ಚೈ," ಎಂದೆ. ಅವಳು ಮುಖ ತಿರುವಿಕೊಂಡು ಹೋದಳು. ಜನ ಬಂದು ನಿನ್ನ ಭಾವನ ಪಾದಕ್ಕೆ ಅರಿಶಿನದ ನೀರು ಸುರಿದು ಅಡ್ಡಬಿದ್ದರು. ನನ್ನ ಎದೆ ಎಷ್ಟು ಅಗಲವಾಗಿತ್ತೋ ನಾನು ಬರೆಯಬೇಕಾಗಿಲ್ಲ, ನಿನಗೆ ನಿನ್ನ ಅಕ್ಕ ಗೊತ್ತು.

ವ್ರತದ ಕಾಪುದಾರ ಬಿಚ್ಚಿ ಅವರು ಮನೆಗೆ ಬಂದ ಮಾರನೆಯ ದಿನ ಸೊಸೆ ನೆಲ ಒರೆಸುತ್ತಿದ್ದಳು. "ಮಾವ, ವೀಳ್ಯದ ಉಗುಳು ತುಳ್ಕೊಂಡು ಬಂದ್ರಾ? ನಡುಮನೆ ತುಂಬ ಕೆಂಪಗೆ ಹೆಜ್ಜೆ!" ಎಂದು ಕೂಗಿದಳು. ಅವರು ತಾಂಬೂಲ ಬಿಟ್ಟು ವರ್ಷಗಳಾದವು. ನಾನು ಕಾಲು ಎತ್ತಿಸಿ ನೋಡಿದೆ. ಬಲಗಾಲಿನ ಅಂಗಾಲು ಬೊಬ್ಬೆಯೊಡೆದು, ಹೆಬ್ಬೆರಳಿನ ಬುಡ ಹಸಿ ಮಾಂಸವಾಗಿತ್ತು. "ನೋವಿಲ್ವೇನ್ರೀ?" ಎಂದರೆ, "ಏನಾಗಿದೆ ಅಲ್ಲಿ?" ಎಂದು ನನ್ನನ್ನೇ ಕೇಳಿದರು.

ಬೊಬ್ಬೆ ಬಂತೆಂದರೆ ವ್ರತ ಕೆಟ್ಟಿತು ಎನ್ನುತ್ತಾರಲ್ಲ. ಊರ ಡಾಕ್ಟರಿಗೆ ತೋರಿಸಿದ್ದರೆ ಸಂಜೆಯೊಳಗೆ ಪಚ್ಚೈಯಮ್ಮನ ಜಗಲಿಗೆ ಸುದ್ದಿ ಮುಟ್ಟುತ್ತಿತ್ತು. ಬೇವು ಅರಿಶಿನ ಅರೆದು ಕಟ್ಟಿದೆ. ಜ್ವರ ಬಂತು, ಎರಡು ಬೆರಳು ಕಪ್ಪಾದವು. ಹಿರಿಮಗ ಕಲಿಯಮೂರ್ತಿ ನನ್ನ ಮಾತು ಕೇಳದೆ ಕಾರು ತರಿಸಿ ಇಲ್ಲಿಗೆ ತಂದು ಸೇರಿಸಿದ. ಸಕ್ಕರೆ ಮುನ್ನೂರು ದಾಟಿತ್ತು. ಮಾತ್ರೆ ನುಂಗುತ್ತಿದ್ದರು, ನೀನೂ ಕಂಡಿದ್ದೀಯ. ಈ ಕಾಯಿಲೆ ಕಾಲಿನವರೆಗೆ ಇಳಿಯುತ್ತದೆಂದು ನಮಗ್ಯಾರಿಗೆ ಗೊತ್ತಿತ್ತು?

ಅರ್ಧ ಪಾದ ತೆಗೆಯಲೇಬೇಕೆಂದು ದೊಡ್ಡ ಡಾಕ್ಟರು ಹೇಳಿದರು. ಹೃದಯ ದುರ್ಬಲ, ಪೂರ್ತಿ ಮಲಗಿಸಿದರೆ ಏಳುವುದು ಕಷ್ಟ, ಆ ಕಾಲಿನ ನರಕ್ಕಷ್ಟೇ ಮದ್ದು ಕೊಟ್ಟು ಮರಗಟ್ಟಿಸೋಣ ಎಂದರು. ಅದಕ್ಕೆ ಬಂದವಳು ಇಳವರಸಿ ಎಂಬ ಡಾಕ್ಟರು, ಇನ್ನೂ ಹುಡುಗಿ. ಒಂದು ನೈಲಾನ್ ಎಳೆ ಹಿಡಿದುಕೊಂಡು, "ತಾತ, ಕಣ್ಣು ಮುಚ್ಕೊಳಿ. ನಾನು ಮುಟ್ಟಿದಾಗೆಲ್ಲ ಹ್ಞೂಂ ಅನ್ನಿ," ಎಂದಳು.

ಅವರು ಮಕ್ಕಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವಳು ಬೆರಳು, ಅಂಗಾಲು, ಹಿಮ್ಮಡಿ ಎಲ್ಲ ಕಡೆ ಮುಟ್ಟಿದಳು. ಆಮೇಲೆ ಗಾಯವಿಲ್ಲದ ಎಡಗಾಲನ್ನೂ ಮುಟ್ಟಿದಳು. ಇವರು ಒಂದಕ್ಕೂ ಹ್ಞೂಂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಶುರು ಮಾಡಮ್ಮ, ಎಷ್ಟೊತ್ತು ಕಣ್ಣು ಮುಚ್ಕೊಂಡಿರ್ಲಿ?" ಎಂದರು.

"ಮುಗೀತು ತಾತ," ಎಂದಳು ಅವಳು.

ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು. ಇವರು ನನ್ನ ಕಡೆ ಒಮ್ಮೆ ನೋಡಿ, "ಇತ್ತೀಚೆಗೆ," ಎಂದರು. ಅವಳು ಬಿಡಲಿಲ್ಲ. "ತಾತ, ಸುಳ್ಳು ಹೇಳಿದ್ರೆ ನಿಮ್ಗೇ ತೊಂದ್ರೆ. ಸಕ್ಕರೆ ಇರೋರ ನರ ಮೊದ್ಲೇ ಅರ್ಧ ಮಲಗಿರುತ್ತೆ. ನಾನು ಹಾಕೋ ಮದ್ದು ಬೇಗ ಹಿಡಿಯುತ್ತೆ, ಬೇಗ ಬಿಡಲ್ಲ. ಸೂಜಿ ನರಕ್ಕೆ ತಗುಲಿದ್ರೆ ಬೇರೆಯವರು ಅಯ್ಯೋ ಅಂತಾರೆ, ನಿಮ್ಗೆ ಅದೂ ಗೊತ್ತಾಗಲ್ಲ. ನರ ಎಷ್ಟು ಹಳೇ ನಿದ್ದೆಯಲ್ಲಿದೆ ಅಂತ ತಿಳ್ಕೊಂಡೇ ನಾನು ಕೈ ಹಾಕ್ಬೇಕು."

ಆಗ ತಲೆ ತಗ್ಗಿಸಿ, "ಆರು ವರ್ಷ ಆಯ್ತಮ್ಮ," ಎಂದರು.

ಆರು ವರ್ಷ, ಪೂಂಗಾ! ಅದಕ್ಕೂ ಮುಂಚೆ ಹಾಲುಕುಳಿಯಲ್ಲಿ ಹಲ್ಲು ಕಚ್ಚಿ ನಿಲ್ಲುತ್ತಿದ್ದರು, ಮನೆಗೆ ಬಂದ ಮೇಲೆ ನಾನು ಬೀಸಣಿಗೆ ಹಿಡಿದು ಕೂರುತ್ತಿದ್ದೆ. ಆರು ವರ್ಷದ ಹಿಂದೆ ಮೊದಲ ಸಲ ನಗುತ್ತಾ ಕುಳಿ ದಾಟಿದರು. ದ್ರೌಪತಿ ತಾಯಿ ಕುಳಿಯ ಮೇಲೆ ಸೆರಗು ಹಾಸಿದಳು, ನಮ್ಮ ಮನೆಯನ್ನು ಒಪ್ಪಿದಳು ಎಂದು ನಾನು ಊರಿಗೆಲ್ಲ ಪಾಯಸ ಹಂಚಿದೆ. ಅದು ತಾಯಿಯ ಸೆರಗಲ್ಲ. ಸಕ್ಕರೆ ಒಳಗೊಳಗೇ ನರ ತಿಂದುಹಾಕಿತ್ತು, ನಾವು ಅದಕ್ಕೆ ಆರತಿ ಎತ್ತಿದೆವು.

ಮದ್ದು ಹಾಕುವಾಗ ನರವನ್ನು ಹುಡುಕಲು ಒಂದು ಪೆಟ್ಟಿಗೆಯಿಂದ ಸಣ್ಣ ಕರೆಂಟು ಹಾಯಿಸುತ್ತಾರಂತೆ, ನರ ಸಿಕ್ಕರೆ ಪಾದ ತಾನಾಗಿ ಕುಣಿಯಬೇಕಂತೆ. ಇವರ ಪಾದ ಕುಣಿಯಲು ತುಂಬ ಸತಾಯಿಸಿತಂತೆ. ನಿನ್ನ ಭಾವ ಆ ಮಂಚದ ಮೇಲೂ, "ಬೆಂಕಿಗೇ ಬಗ್ಗದ ಕಾಲಮ್ಮ, ನಿನ್ನ ಪೆಟ್ಟಿಗೆಗೆ ಬಗ್ಗುತ್ತಾ?" ಎಂದು ತಮಾಷೆ ಮಾಡಿದರೆಂದು ಇಳವರಸಿಯೇ ಹೇಳಿದಳು.

ಅರ್ಧ ಪಾದ ಹೋಯಿತು. ಅಂದು ರಾತ್ರಿಯೊಳಗೆ ಎಚ್ಚರಾಗಬೇಕಿದ್ದ ಕಾಲು ಮಾರನೆಯ ಸಂಜೆಯಾದರೂ ಅಲುಗಲಿಲ್ಲ. ಕಲಿಯಮೂರ್ತಿ ಆ ಹುಡುಗಿಯ ಮೇಲೆ ಹಾರಿಬಿದ್ದ. "ಕಲಿಯೋಕೆ ನಮ್ಮಪ್ಪನ ಕಾಲೇ ಬೇಕಿತ್ತಾ ನಿನಗೆ? ಚುಚ್ಚಿ ಚುಚ್ಚಿ ಕೊಂದುಬಿಟ್ಟೆ!" ಎಂದ. ಅವಳ ಕಣ್ಣಲ್ಲಿ ನೀರು ಬಂತು, ಆದರೂ ಕಾಲು ಮುಟ್ಟಿ ನೋಡುವುದನ್ನು ಬಿಡಲಿಲ್ಲ. ನಿನ್ನ ಭಾವ ಮಲಗಿದಲ್ಲಿಂದಲೇ ಗದರಿದರು: "ಲೇ ಕಲಿಯಾ, ಬಾಯಿ ಮುಚ್ಚು. ನನ್ನ ಹತ್ರ ಇಲ್ಲದ್ದನ್ನ ಆ ಮಗು ಹೆಂಗೆ ಕಳೆಯುತ್ತೋ?"

ಆಮೇಲೆ ಮೀನಖಂಡ ಅಲುಗಿತು. ಮದ್ದು ಬಿಟ್ಟಿತು. ಹಳೆಯ ನಿದ್ದೆ ಮಾತ್ರ ಬಿಡಲಿಲ್ಲ. ಕೊಯ್ದ ಕಡೆ ಗಾಯ ಕೂಡುತ್ತಿಲ್ಲ, ಕಪ್ಪು ಮೇಲೇರುತ್ತಿದೆ. ನಾಳೆಯದು ಅದಕ್ಕೇ. ನಾಳೆಯೂ ಇಳವರಸಿಯೇ ಮದ್ದು ಹಾಕಲಿ ಎಂದು ನಾನೇ ಹೋಗಿ ಕೇಳಿದ್ದೇನೆ. ಕಾಲು ಹೋದರೂ ಜೀವ ಉಳಿಯುತ್ತದಾ ಎಂದೆ. "ಅದಕ್ಕೇ ತಾನೇ ಅಮ್ಮಾ ಕಾಲು ಕೊಡ್ತಿರೋದು," ಎಂದಳು. ಅದಕ್ಕಿಂತ ಹೆಚ್ಚಿನ ಭರವಸೆ ಅವಳು ಕೊಡಲಿಲ್ಲ.

ಮುಂದಿನ ವರ್ಷದ ಮೊದಲ ಹೆಜ್ಜೆ ಪಚ್ಚೈಯಮ್ಮನ ಮನೆಗೆ ಹೋಗುತ್ತದೆ. ನಾನೇ ತಟ್ಟೆಯಲ್ಲಿ ವೀಳ್ಯವಿಟ್ಟು ಕೊಟ್ಟುಬರುತ್ತೇನೆ, ಅವಳಾಗಿ ಕೇಳುವವರೆಗೆ ಕಾಯುವುದಿಲ್ಲ. ಅವಳ ಗಂಡನಿಗೆ ಇನ್ನೂ ಕೆಂಡ ಸುಡುತ್ತದೆ. ಒಳ್ಳೆಯದಾಯಿತು, ಸುಡಲಿ.

ನೀನು ಹಡಗು ಹತ್ತಿ ಓಡಿಬರಬೇಡ, ಮಕ್ಕಳ ಪರೀಕ್ಷೆ ಹತ್ತಿರದಲ್ಲಿದೆ. ನಿನಗೂ ನಮ್ಮ ಅಮ್ಮನ ಸಕ್ಕರೆ ಕಾಯಿಲೆ ಬಂದಿರಬಹುದು, ರಕ್ತ ಪರೀಕ್ಷೆ ಮಾಡಿಸು. ಸ್ನಾನವಾದ ಮೇಲೆ ಅಂಗಾಲು ತಿರುಗಿಸಿ ನೋಡಿಕೋ. ಇದು ಅಕ್ಕನ ಆಜ್ಞೆ ಎಂದುಕೋ. ತಾಯಿ ನಿನ್ನ ಅರಿಶಿನ ಕುಂಕುಮ ಕಾಯಲಿ, ಮಕ್ಕಳಿಗೆ ವಿದ್ಯೆ ಆಯುಸ್ಸು ಕೊಡಲಿ.

ಇಂತು ನಿನ್ನ ಅಕ್ಕ,
ಅಂಜಲೈ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮದುವೆಯಾದಂದಿನಿಂದ ಊಟವಾದ ಮೇಲೆ ನಾನು ಅವರ ಕಾಲು ಒತ್ತುತ್ತೇನೆ. ಇದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತು, ಅವರಿಗೆ ಒಂದು ಮೆತ್ತನೆಯ ಮಾತು ಆಡಿದವಳಲ್ಲ. ಇದ್ದದ್ದು ಅದೊಂದೇ. ಈ ಆರು ವರ್ಷವೂ, "ಹಿಮ್ಮಡಿಗೆ ಇನ್ನೊಂಚೂರು ಜೋರಾಗಿ... ಹಾಂ, ಹಾಯಾಯ್ತು ಕಣೇ," ಎನ್ನುತ್ತಿದ್ದರು. ಇವತ್ತು ಕೇಳಿಯೇಬಿಟ್ಟೆ, ಮುಟ್ಟಿದ್ದೇ ತಿಳಿಯದವರು ಹೇಗೆ ಹೇಳುತ್ತಿದ್ದಿರಿ ಎಂದು. "ನಿನ್ನ ಕೈ ಎಲ್ಲಿದೆ ಅಂತ ನೋಡ್ಕೊಂಡು ಹೇಳ್ತಿದ್ದೆ. ಗೊತ್ತಾಗಲ್ಲ ಅಂದ್ರೆ ನೀನು ಬಿಟ್ಟುಬಿಡ್ತೀಯ ಅಂತ," ಎಂದರು. ನಿಜವಿರಬೇಕು. ಕರೆಂಟು ಹೋಗಿ ಕತ್ತಲಾದ ದಿನಗಳಲ್ಲಿ ಮಾತ್ರ ಅವರು ಏನೂ ಹೇಳುತ್ತಿರಲಿಲ್ಲ. ನಿದ್ದೆ ಹತ್ತಿತೇನೋ ಎಂದುಕೊಂಡು ನಾನು ಎದ್ದು ಹೋಗುತ್ತಿದ್ದೆ.