ಗೋಡೆಯ ಮೇಲಿನ ಹಳದಿ ಗೆರೆ

ಮಾರ್ಚ್ 3, ಸೋಮವಾರ

ಇವತ್ತೂ ನಾಲ್ಕು ಜೋಡಿ. ಎಲ್ಲ ಮಂಕಾದ ಹೆಡ್‌ಲೈಟುಗಳು. ಎಂಟುನೂರು ನಂಬರಿನ ಉಪ್ಪುಕಾಗದ, ಆಮೇಲೆ ಸಾವಿರದೈನೂರು, ಕೊನೆಗೆ ಎರಡು ಸಾವಿರ. ನೀರು ಬಿಡುತ್ತ ಉಜ್ಜಿದ್ದೇ ಉಜ್ಜಿದ್ದು. ಬೆರಳ ತುದಿ ನುಣ್ಣಗಾಗಿದೆ. ಜಜ್ಜಿದ ಬಾಡಿ ತಟ್ಟುವ ಟಿಂಕರ್ ಮಾವ ನೋಡಿ ನಕ್ಕರು — "ನೀನು ಕಳ್ಳತನ ಮಾಡಿದ್ರೂ ಪೊಲೀಸ್ರಿಗೆ ಬೆರಳಚ್ಚು ಸಿಗಲ್ಲ ಬಿಡು, ಮೂಗಿ." ಹೆಚ್ಚು ಮಾತಾಡದವಳಿಗೆ ಗಾಡಿ ರಿಪೇರಿ ಶೆಡ್ಡಿನಲ್ಲಿ ಇಟ್ಟ ಹೆಸರು ಅದು. ಬೇಜಾರಿಲ್ಲ.

ಮಧ್ಯಾಹ್ನ ಭಾವ, ಅಕ್ಕನ ಗಂಡ, ತಾವು ಓಡಿಸುವ ಬ್ರೆಡ್ ವ್ಯಾನ್ ತಂದರು. ಬ್ರೆಡ್ ಕಾರ್ಖಾನೆಯ ಗೇಟಿಗೆ ತಾಗಿ ಎಡಗಡೆ ಲೈಟು ಒಡೆದಿತ್ತು. ಒಂದೇ ಬದಲಿಸಿದರೆ ಒಂದು ಕಣ್ಣು ಬಿಳಿ, ಒಂದು ಹಳದಿ. ಎರಡೂ ಹೊಸದು ಕೂರಿಸಿದೆ. ಆಮೇಲೆ ಹೊಂದಿಸುವ ಕೆಲಸ. ಶೆಡ್ಡಿನ ಬಾಗಿಲು ಎಳೆದು ಕತ್ತಲು ಮಾಡಿ, ಗೋಡೆಗೆ ಇಪ್ಪತ್ತೈದು ಅಡಿ ದೂರದಲ್ಲಿ ಗಾಡಿ ನಿಲ್ಲಿಸುವುದು. ಗೋಡೆಯ ಮೇಲೆ ಮೂರು ಗೆರೆ. ಕೆಂಪು ಕಾರಿಗೆ, ಹಳದಿ ವ್ಯಾನಿಗೆ, ನೀಲಿ ಜೀಪಿಗೆ. ಬೆಳಕಿನ ಮೇಲಂಚು ಗೆರೆಯ ಮೇಲೆ ಕೂರುವ ತನಕ ಲೈಟಿನ ಹಿಂದಿನ ಸ್ಕ್ರೂ ತಿರುಗಿಸುತ್ತಿರಬೇಕು. ಕೆಲಸಕ್ಕೆ ಸೇರಿದ ದಿನವೇ ಶೆಡ್ಡಿನ ಯಜಮಾನರು ಹೇಳಿದ್ದರು — "ಗೆರೆ ನೋಡು. ತಲೆ ಓಡಿಸ್ಬೇಡ."

ಹೊಸ ಕಾಂಕ್ರೀಟ್ ನೆಲ ಚೆನ್ನಾಗಿದೆ. ಹಳೆಯದು ಎಣ್ಣೆ ಕುಡಿದು ಕರಿ ಹಿಡಿದಿತ್ತು. ಹೋದ ತಿಂಗಳು ಅದರ ಮೇಲೇ ಸುರಿದರು. ಈಗ ಬಿದ್ದ ನಟ್ಟು ಹುಡುಕಲು ಮಂಡಿ ಊರಬೇಕಿಲ್ಲ.

ಮಾರ್ಚ್ 5, ಬುಧವಾರ

ಊಟಕ್ಕೆ ಕೂತಾಗ ಭಾವ ಅಕ್ಕನ ಹತ್ತಿರ ನನ್ನ ಮೇಲೆ ಚಾಡಿ.

"ನಿನ್ನ ತಂಗಿ ಕೂರಿಸಿದ ಲೈಟೂ ಅವಳ ಹಾಗೇ ಕಣೇ. ತಲೆ ಎತ್ತಿ ನೋಡೋದೇ ಇಲ್ಲ."

ಗೆರೆಗೆ ಸರಿಯಾಗಿದೆ ಭಾವ, ಅಂದೆ.

"ಹಾಗಾದ್ರೆ ನನ್ನ ಕಣ್ಣಿಗೇ ವಯಸ್ಸಾಯ್ತು ಬಿಡು ಪುಟ್ಟಿ."

ಅಕ್ಕ ನಕ್ಕಳು. ನಾನೂ ನಕ್ಕೆ.

ಮಾರ್ಚ್ 6, ಗುರುವಾರ

ಬೆಳಗ್ಗೆ ಐದಕ್ಕೆ ಮೊದಲು. ಸೇತುವೆ ದಾಟಿದ ಮೇಲೆ ಬೀದಿ ದೀಪ ಇಲ್ಲದ ಕಡೆ. ರಸ್ತೆ ಗುಡಿಸುವ ಹೆಂಗಸು. ಭಾವನ ವ್ಯಾನು.

ಆಸ್ಪತ್ರೆಗೆ ಒಯ್ಯುವ ಮೊದಲೇ...

ಪೊಲೀಸರು ಭಾವನನ್ನು ಕರೆದುಕೊಂಡು ಹೋದರು. ಅಕ್ಕ ಹೊಸ್ತಿಲ ಮೇಲೆ ಕೂತವಳು ಎದ್ದಿಲ್ಲ.

ಮಾರ್ಚ್ 7, ಶುಕ್ರವಾರ

ಪೊಲೀಸರು ಶೆಡ್ಡಿಗೆ ಬಂದರು. ಒಬ್ಬರು ಕೇಳುವವರು, ಒಬ್ಬರು ಬರೆಯುವವರು. ಲೈಟು ಕೂರಿಸಿದ್ದು ಯಾರು? ಎಲ್ಲರೂ ನನ್ನ ಕಡೆ ನೋಡಿದರು.

"ಸರಿಯಿತ್ತೇನಮ್ಮಾ ಲೈಟು?"

ಸರಿಯಿತ್ತು ಸಾರ್. ನಾನೇ ಹೊಂದಿಸಿದ್ದು. ಗೆರೆಗೆ ಸರಿಯಾಗಿ.

ಒಂದೇ ಉಸಿರಿಗೆ ಹೇಳಿದೆ. ನನಗೇ ಆಶ್ಚರ್ಯ. ಸಹಿ ಹಾಕಿದೆ. ಯಜಮಾನರು ಟೀ ತರಿಸಿಕೊಟ್ಟರು. "ಮೂಗಿ ಆದ್ರೂ ಹೇಳ್ಬೇಕಾದಾಗ ಹೇಳ್ತಾಳೆ ನೋಡ್ರೋ" ಅಂದರು. ಕೆಲಸ ಚೆನ್ನಾಗಿ ಮಾಡಿದ್ದೇನೆ ಎಂದು ಹೇಳಿದರೆ ಭಾವನಿಗೂ ಒಳ್ಳೆಯದು ಎಂದುಕೊಂಡಿದ್ದೆ.

ಸಂಜೆ ಅಕ್ಕ ಠಾಣೆಯಿಂದ ಬಂದಳು. ಚಪ್ಪಲಿಯನ್ನೂ ಬಿಡದೆ ನಿಂತಳು.

"ಲೈಟು ಕಾಲಡಿಗಷ್ಟೇ ಬೀಳ್ತಿತ್ತು, ದೂರಕ್ಕೆ ಏನೂ ಕಾಣ್ಲಿಲ್ಲ, ಮೊದಲು ಪೊರಕೆ ಕಾಣ್ತು, ಆಮೇಲೇ ಅವಳು ಅಂತ ನಿನ್ನ ಭಾವ ಹೇಳಿದ್ರಂತೆ. ಪೊಲೀಸ್ರು ನಿನ್ನ ಸಹಿ ತೋರಿಸಿದ್ರಂತೆ. ಇವಳು ನಿನ್ನ ನಾದಿನೀನೇ ತಾನೇ, ಅಂದ್ರಂತೆ."

ಒಳಗೆ ಹೋಗಿ ಅನ್ನಕ್ಕಿಟ್ಟಳು.

ಮಾರ್ಚ್ 12, ಬುಧವಾರ

ನಾಲ್ಕು ದಿನ ಏನೂ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯಲೇಬೇಕು.

ಬೂದು ಬಣ್ಣದ ಕಾರಿನ ಮೇಷ್ಟರು ವಾಪಸ್ ಬಂದರು. ಹದಿನೈದು ದಿನದ ಹಿಂದೆ ಲೈಟು ಬದಲಿಸಿಕೊಂಡು ಹೋದವರು.

"ಏನ್ರೀ ಇದು, ಲೈಟು ಹಾಕಿದೀರೋ ಪೊರಕೆ ಕಟ್ಟಿದೀರೋ? ಬರೀ ನೆಲ ಗುಡಿಸ್ತಾ ಇದೆ!"

ಯಜಮಾನರು ಊಟಕ್ಕೆ ಹೋಗಿದ್ದರು. ಕಾರನ್ನು ಗೋಡೆಗೆ ಹಿಡಿದೆ. ಬೆಳಕು ಕೆಂಪು ಗೆರೆಯ ಮೇಲೆ ಕೂದಲೆಳೆಯೂ ಆಚೀಚೆ ಇಲ್ಲದೆ ಕೂತಿತ್ತು. ಸರಿಯಾಗಿದೆ ಎನ್ನಲು ಬಾಯಿ ತೆರೆದೆ. ಪೊರಕೆ. ಭಾವನಿಗೂ ಮೊದಲು ಕಂಡದ್ದು ಪೊರಕೆಯೇ. ಟೇಪು ತಂದೆ. ವ್ಯಾನಿನ ಹಳದಿ ಗೆರೆಯನ್ನು ನೆಲದಿಂದ ಅಳೆದೆ. ಇಪ್ಪತ್ಮೂರು ಇಂಚು.

ಟಿಂಕರ್ ಮಾವನನ್ನು ಕೇಳಿದೆ. ಗೆರೆ ಎಳೆದದ್ದು ಅವರೇ, ವರ್ಷಗಳ ಹಿಂದೆ.

"ವ್ಯಾನಿಗಾ? ಇಪ್ಪತ್ತಾರು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

ಟೇಪು ತೋರಿಸಿದೆ. ಬಗ್ಗಿ ನೋಡಿದರು. ನೆಲ ನೋಡಿದರು. ಸುತ್ತಿಗೆ ಕೆಳಗಿಟ್ಟರು.

ನೆಲ ಮೂರಿಂಚು ಮೇಲೆ ಬಂದಿದೆ. ಗಾಡಿಗಳೂ ಮೇಲೆ ಬಂದಿವೆ. ಗೆರೆ ಇದ್ದಲ್ಲೇ ಇದೆ. ಎತ್ತರದಲ್ಲಿ ನಿಂತ ಲೈಟನ್ನು ತಗ್ಗಿನ ಗೆರೆಗೆ ನಾನು ಬಗ್ಗಿಸಿದ್ದೇನೆ. ಗೋಡೆಯ ಮೇಲೆ ಮೂರಿಂಚು. ರಸ್ತೆಯ ಮೇಲೆ ಅದು ಇನ್ನೂರು ಅಡಿಯ ಕತ್ತಲು. ನೆಲ ಹಾಕಿದ ಮೇಲೆ ಮೂವತ್ತೊಂದು ಗಾಡಿ ಹೋಗಿವೆ. ಎಲ್ಲ ನನ್ನ ಕೈಯಲ್ಲಿ.

ಯಜಮಾನರು ಬಂದ ಮೇಲೆ ಹೇಳಿದೆ. ಮಾತು ಮುರಿದು ಮುರಿದು ಬಂತು. ಕೇಳಿದರು. ಮುಖ ಬೆಳ್ಳಗಾಯಿತು. ಆಮೇಲೆ ಕೆಂಪಾಯಿತು.

"ಮೂಗಿಗೆ ಈಗ ಮಾತು ಬಂತಾ? ಸಹಿ ಹಾಕಿದ್ದು ಯಾರು? ನಾನಾ? ಇದು ಹೊರಗೆ ಹೋದ್ರೆ ಮೊದ್ಲು ಒಳಗೆ ಹೋಗೋಳು ನೀನು. ತೆಪ್ಪಗೆ ಕೆಲಸ ಮಾಡು."

ಮಾರ್ಚ್ 13, ಗುರುವಾರ

ಗೋಡೆ ಕೆರೆದು ಸುಣ್ಣ ಹೊಡೆದಿದ್ದಾರೆ. ಮೂರು ಹೊಸ ಗೆರೆ. ಅಳೆದೆ. ಹಳದಿ ಈಗ ಇಪ್ಪತ್ತಾರು. ಬಣ್ಣ ಇನ್ನೂ ಅಂಟುತ್ತಿತ್ತು.

ಯಾರೂ ಯಾರನ್ನೂ ನೋಡಲಿಲ್ಲ. ಉಳಿದ ಮೂವತ್ತು ಗಾಡಿ ಎಲ್ಲೆಲ್ಲಿ ಓಡುತ್ತಿವೆಯೋ.

ಮಾರ್ಚ್ 15, ಶನಿವಾರ

ಭಾವನನ್ನು ನೋಡಲು ಬಿಟ್ಟರು. ಹತ್ತು ನಿಮಿಷ. ನಡುವೆ ಜಾಲರಿ. ಗಡ್ಡ ಬಂದಿದೆ, ಅದರಲ್ಲಿ ಇಷ್ಟೊಂದು ಬಿಳಿ ಇತ್ತೆಂದು ಗೊತ್ತೇ ಇರಲಿಲ್ಲ. ಹೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವರೇ ಶುರು ಮಾಡಿದರು.

"ನಾನು ನಿದ್ದೆ ಮಾಡಿರ್ಬೇಕು ಪುಟ್ಟಿ."

ಇಲ್ಲ ಭಾವ.

"ಹೂಂ ಕಣಮ್ಮಾ. ಎಷ್ಟು ಯೋಚಿಸಿದ್ರೂ ಅದೇ. ಕಣ್ಣು ತೆರೆದೇ ಇತ್ತು ಅಂತ ನನಗನ್ಸುತ್ತೆ. ಆದ್ರೆ ನೀನು ಹೊಂದಿಸಿದ ಲೈಟು ತಪ್ಪಾಗಲ್ಲ. ನಿನ್ನ ಕೆಲಸ ನಾನು ನೋಡಿಲ್ವಾ? ಹಾಗಾದ್ರೆ ನಾನೇ ತೂಕಡಿಸಿರ್ಬೇಕು. ಮಂಗಳವಾರ ಕೋರ್ಟಲ್ಲಿ ಹಾಗೇ ಒಪ್ಕೋತೀನಿ. ಆ ಹೆಂಗಸಿನ ಮನೆಯವ್ರ ಮುಂದೆ ಸುಳ್ಳು ಹೇಳ್ಕೊಂಡು ನಿಲ್ಲೋಕಾಗಲ್ಲ."

ತಮ್ಮ ಕಣ್ಣನ್ನು ನಂಬಲಿಲ್ಲ. ನನ್ನ ಕೈಯನ್ನು ನಂಬಿದರು.

ಜಾಲರಿ ಹಿಡಿದುಕೊಂಡೆ. ಟೈಮ್ ಆಯ್ತು ಅಂದರು. "ಅಕ್ಕನ್ನ ನೋಡ್ಕೋ" ಅಂದರು ಭಾವ. ಅಷ್ಟೇ.

ಮಾರ್ಚ್ 16, ಭಾನುವಾರ, ಬೆಳಗ್ಗೆ

ಅಕ್ಕನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಭಾವನ ಅಂಗಿ ಕೈಯಲ್ಲಿತ್ತು. ಪೂರ್ತಿ ಕೇಳಿದಳು. ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಗಂಡನ್ನ ಉಳಿಸ್ಕೋತೀಯಾ, ತಂಗೀನ ಉಳಿಸ್ಕೋತೀಯಾ ಅಂತ ನನ್ನ ಕೇಳೋಕೆ ಬಂದ್ಯಾ?"

ಇಲ್ಲಕ್ಕ.

"ಮತ್ತೆ ಯಾಕೆ ನನಗೆ ಹೇಳ್ತೀಯ? ಹೇಳ್ಬೇಕಾದವರಿಗೆ ಹೇಳು."

ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟಳು. ನೀರಿನ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ಅದೇ ದಿನ, ಸಂಜೆ ಐದು

ಟಿಂಕರ್ ಮಾವನ ಮನೆಗೆ ಹೋದೆ. ನನ್ನ ಜೊತೆ ಬಂದು ಹೇಳಿ, ಅಂದೆ. ಮಾವ ಬಾಗಿಲಲ್ಲೇ ನಿಂತರು.

"ಈ ವಯಸ್ಸಲ್ಲಿ ಬೇರೆ ಯಾವ ಶೆಡ್ಡು ನನ್ನ ಸೇರಿಸ್ಕೊಳ್ಳುತ್ತೆ ಹೇಳು. ನಾನು ಬರಲ್ಲ." ಆಮೇಲೆ ದನಿ ತಗ್ಗಿಸಿದರು. "ಕೇಳಿಲ್ಲಿ. ಗೋಡೆ ಕೆರೆದ್ರು ಅಂತ ಅಳ್ಬೇಡ. ವ್ಯಾನ್ ಠಾಣೆ ಅಂಗಳದಲ್ಲೇ ಇದೆ. ಆ ಗುದ್ದಿಗೆ ಎಡಗಡೆ ಲೈಟು ಪುಡಿ. ಬಲಗಡೆಯದಕ್ಕೆ ಏನೂ ಆಗಿಲ್ಲ. ನೀನು ತಿರುಗಿಸಿದ ಸ್ಕ್ರೂ ಹಾಗೇ ಇದೆ. ಯಾವ ಗೋಡೆ ಮುಂದೆ ಹಿಡಿದ್ರೂ ಸಾಕು, ಅದೇ ಹೇಳುತ್ತೆ."

ಉಸಿರು ಬಂದಂತಾಯಿತು.

"ಆದ್ರೆ ನಾಳೆ ಹತ್ತು ಗಂಟೆಗೆ ಲೈಟು ಪರೀಕ್ಷೆ ಮಾಡಿ ಬರ್ಕೊಡೋಕೆ ಯಜಮಾನ್ರನ್ನೇ ಕರೆದಿದ್ದಾರೆ. ಲೈಟಿನ ಕೆಲಸ ಗೊತ್ತಿರೋರು ಅಂತ ಪೊಲೀಸ್ರಿಗೆ ಗೊತ್ತಿರೋದು ಅವರೊಬ್ರೇ. ಒಂದು ಸ್ಕ್ರೂ ತಿರುಗಿಸೋಕೆ ಎಷ್ಟು ಹೊತ್ತು ಬೇಕು, ನಿನಗೇ ಗೊತ್ತು."

ಗೊತ್ತು. ನಾಲ್ಕು ಸುತ್ತು, ಬೆಳಕು ಮೂರಿಂಚು ಮೇಲೆ. ಎಣಿಸುವಷ್ಟರಲ್ಲಿ ಮುಗಿಯುತ್ತದೆ.

ಮಾರ್ಚ್ 17, ಸೋಮವಾರ, ಬೆಳಗ್ಗೆ 8:40

ಠಾಣೆ ಅಂಗಳದ ಗೇಟಿನ ಹೊರಗೆ, ಕಲ್ಲಿನ ಮೇಲೆ ಕೂತಿದ್ದೇನೆ. ಎಂಟಕ್ಕೇ ಬಂದೆ. ಕಾವಲಿನವರು ಒಳಗೆ ಬಿಡಲಿಲ್ಲ. "ಸಾಹೇಬ್ರು ಬರೋದು ಹತ್ತಕ್ಕೆ. ಏನ್ ವಿಷಯ?" ಲೈಟು, ಅಂದೆ. "ಯಾವ ಲೈಟು?" ವ್ಯಾನಿನ ಕಡೆ ಕೈ ತೋರಿಸಿದೆ. "ಅಲ್ಲಿ ಕೂತ್ಕೋ" ಅಂದರು.

ಸರಳಿನ ಸಂದಿಯಿಂದ ವ್ಯಾನ್ ಕಾಣುತ್ತದೆ. ಎಡಗಡೆ ತೂತು. ಬಲಗಡೆ ಲೈಟು ಸರಿಯಾಗಿದೆ. ಮೇಲೆ ಧೂಳು ಕೂತಿದೆ.

ಮಾತು ಮರೆಯಬಾರದೆಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಸಾರ್, ತಪ್ಪು ಭಾವನದ್ದಲ್ಲ. ಸಾರ್, ನಾನು ಹಾಕಿದ ಸಹಿ ತಪ್ಪು. ಸಾರ್, ಆ ಲೈಟನ್ನು ಯಾರೂ ಮುಟ್ಟದ ಹಾಗೆ

8:55

ಯಜಮಾನರ ಸ್ಕೂಟರ್. ಹತ್ತಕ್ಕೆ ಎಂದಿದ್ದರಲ್ಲ! ನನ್ನನ್ನು ನೋಡಿದರು. ನೋಡದ ಹಾಗೆ ಒಳಗೆ ಹೋದರು. ಕಾವಲಿನವರು ಸಲಾಂ ಹೊಡೆದು ಗೇಟು ತೆರೆದರು. ಹೆಗಲಲ್ಲಿ ಟೂಲ್ ಚೀಲ. ಸೀದಾ ವ್ಯಾನಿನ ಹತ್ತಿರ. ಬಾನೆಟ್ ಎತ್ತುತ್ತಿದ್ದಾರೆ. ಗೇಟು ಇನ್ನೂ ಮುಚ್ಚಿಲ್ಲ, ನಾನು